ಹಾಡು ಬೇರೆ, ರೆಕಾರ್ಡಿಂಗ್ ಬೇರೆ

"ಗೇಮ್‌ನಲ್ಲಿ ಒಂದು ಹಳೇ ಜರ್ಮನ್ ಹಾಡು ಬರತ್ತೆ ಸಾರ್. ಶಝಾಮ್‌ಗೂ ಸಿಗ್ಲಿಲ್ಲ, ತುಂಬಾ ಅಪರೂಪದ್ದಿರಬೇಕು." ಗೇಮ್ ಆಡುವವರು ನನ್ನನ್ನು ಕೇಳುವುದು ಹೀಗೆ. ಜೊತೆಗೆ ಬರುವುದು ಸ್ಪೀಕರ್ ಮುಂದೆ ಫೋನ್ ಹಿಡಿದು ಮಾಡಿದ ಹತ್ತು ಸೆಕೆಂಡಿನ ತುಣುಕು. ಅದರಲ್ಲಿ ಆರು ಸೆಕೆಂಡು ಮಷಿನ್‌ಗನ್ ಸದ್ದು.

ಎಷ್ಟು ಹೇಳಿದರೂ ತಲೆಗೆ ಹೋಗದ ಮಾತೊಂದಿದೆ: ಕೇಳಿಸಿದ ಹಾಡಿನ ಹೆಸರು ಹೇಳುವ ಆ್ಯಪ್ ಶಝಾಮ್ ಹುಡುಕುವುದು ಹಾಡನ್ನಲ್ಲ, ಒಂದು ನಿರ್ದಿಷ್ಟ ರೆಕಾರ್ಡಿಂಗನ್ನು. ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಹಾಡು 'ಲಿಲಿ ಮರ್ಲೇನ್' ತೆಗೆದುಕೊಳ್ಳಿ. ಹಾನ್ಸ್ ಲೈಪ್ 1915ರಲ್ಲಿ ಪದ್ಯ ಬರೆದರು, ನೋರ್ಬರ್ಟ್ ಶುಲ್ಟ್ಸೆ 1938ರಲ್ಲಿ ರಾಗ ಕಟ್ಟಿದರು, ಲಾಲೆ ಆಂಡರ್ಸನ್ 1939ರಲ್ಲಿ ಹಾಡಿದರು. 1941ರಲ್ಲಿ ಬೆಲ್‌ಗ್ರೇಡ್ ರೇಡಿಯೊ ಅದನ್ನು ಹಾಕತೊಡಗಿದ ಮೇಲೆ ಎರಡೂ ಕಡೆಯ ಸೈನಿಕರು ಗುನುಗಿದರು. ಮಾರ್ಲೀನ ಡೀಟ್ರಿಶ್ ಕೂಡ ಹಾಡಿದರು. ಹಾಡು ಒಂದೇ, ರೆಕಾರ್ಡಿಂಗ್‌ಗಳು ಹಲವು. ಆ್ಯಪ್‌ನ ಲೆಕ್ಕದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಸಾಲದ್ದಕ್ಕೆ 1939ರ ಗ್ರಾಮಫೋನ್ ತಟ್ಟೆಯ ಮೇಲೆ ಮೊದಲು ಅಚ್ಚಾದ ಹೆಸರು 'ಲೀಡ್ ಐನೆಸ್ ಯುಂಗೆನ್ ವಾಖ್ಟ್‌ಪೋಸ್ಟೆನ್ಸ್', ಅಂದರೆ 'ಎಳೆಯ ಕಾವಲುಗಾರನ ಹಾಡು'.

ಆ್ಯಪ್ ಗುರುತಿಟ್ಟುಕೊಳ್ಳುವುದು ಯಾವ ಕಂಪನಾಂಕ (ಫ್ರೀಕ್ವೆನ್ಸಿ) ಯಾವ ಕ್ಷಣದಲ್ಲಿ ಜೋರಾಗಿದೆ, ಅವುಗಳ ನಡುವೆ ಎಷ್ಟು ಅಂತರ ಎಂಬುದನ್ನು. ಹಳೇ ತಟ್ಟೆಯನ್ನು ಡಿಜಿಟಲ್ ಮಾಡುವಾಗ ವೇಗ ಶೇ 3-4 ಹೆಚ್ಚುಕಡಿಮೆಯಾಗಿದ್ದರೂ ಈ ಗುರುತು ಹೊಂದದೇ ಹೋಗಬಹುದು. ಗೇಮ್‌ನವರು ಅದರ ಮೇಲೆ ರೇಡಿಯೊ ಕರಕರ, ಕೋಣೆಯ ಪ್ರತಿಧ್ವನಿ ಸೇರಿಸಿದ್ದರಂತೂ ಮುಗಿಯಿತು. ಆದ್ದರಿಂದ ಮೊದಲು ಶುದ್ಧ ತುಣುಕು ಬೇಕು. ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ಎಫೆಕ್ಟ್ಸ್ (ಗುಂಡು ಮುಂತಾದ ಸದ್ದು) ಸೊನ್ನೆ ಮಾಡಿ. ಹಾಡೂ ನಿಂತುಹೋಯಿತೇ? ದೃಶ್ಯದೊಳಗಿನ ಗ್ರಾಮಫೋನ್, ರೇಡಿಯೊದಿಂದ ಬರುವ ಹಾಡು ಎಷ್ಟೋ ಗೇಮ್‌ಗಳಲ್ಲಿ ಎಫೆಕ್ಟ್ಸ್ ಲೆಕ್ಕಕ್ಕೇ ಸೇರಿರುತ್ತದೆ. ಹಾಗಿದ್ದರೆ ಮ್ಯೂಸಿಕ್ ಮುಚ್ಚಿ, ಎಫೆಕ್ಟ್ಸ್ ತೆರೆದು, ಶತ್ರುಗಳನ್ನೆಲ್ಲ ಮುಗಿಸಿ, ಆ ಯಂತ್ರದ ಪಕ್ಕ ಸುಮ್ಮನೆ ನಿಂತು, ಕಂಪ್ಯೂಟರ್‌ನೊಳಗಿಂದಲೇ ರೆಕಾರ್ಡ್ ಮಾಡುವ ಓಬಿಎಸ್ ತಂತ್ರಾಂಶದಲ್ಲಿ ಮೂವತ್ತು ಸೆಕೆಂಡು ರೆಕಾರ್ಡ್ ಮಾಡಿ. ಫೋನ್ ಬೇಡ. ಆಗಲೂ ಸಿಗದಿದ್ದರೆ ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ವೇಗವನ್ನು ಶೇ 3, ಆಮೇಲೆ ಶೇ 6, ಮೇಲಕ್ಕೂ ಕೆಳಕ್ಕೂ ಸರಿಸಿ ನೋಡಿ. ರಾಗ ಮಾತ್ರ ಗೊತ್ತಿದ್ದರೆ ಗೂಗಲ್‌ಗೆ ಗುನುಗಿ ತೋರಿಸಿ. ಅದು ದನಿಯನ್ನು ಬಿಟ್ಟು ರಾಗವನ್ನು ಹೋಲಿಸುತ್ತದೆ.

ಇನ್ನು 'ಹಳೇ' ಅನ್ನುವ ಮಾತು. 2014ರ 'ವೋಲ್ಫೆನ್‌ಸ್ಟೈನ್: ದಿ ನ್ಯೂ ಆರ್ಡರ್'ನಲ್ಲಿ ಬರುವ 1960ರ ಕಾಲದ ಜರ್ಮನ್ ಪಾಪ್ ಹಾಡುಗಳು ಆ ಗೇಮ್‌ಗೆಂದೇ ಮಾಡಿಸಿದವು, 'ನಾಯ್‌ಮೋಂಡ್' ಎಂಬ ರೆಕಾರ್ಡ್ ಕಂಪನಿಯೂ ಕಲ್ಪಿತ. ಅಮೆರಿಕದ ಹಳೇ ಜನಪದ ಗೀತೆ 'ಹೌಸ್ ಆಫ್ ದಿ ರೈಸಿಂಗ್ ಸನ್' ಕೂಡ ಅಲ್ಲಿ ಜರ್ಮನ್‌ನಲ್ಲಿದೆ. ಹಾಡು ಹಳೆಯದು, ರೆಕಾರ್ಡಿಂಗ್ ಹೊಸದು! ಯಾವ ಸಂಗ್ರಹಾಗಾರ ಜಾಲಾಡಿದರೂ ಸಿಗದು.

ಕಿವಿಯಿಂದಲೇ ಸ್ವಲ್ಪ ಪತ್ತೆ ಹಚ್ಚಬಹುದು. ಗೀರು ಬಿದ್ದ 78ರ (ನಿಮಿಷಕ್ಕೆ 78 ಸುತ್ತಿನ) ತಟ್ಟೆ ಪ್ರತಿ ಸುತ್ತಿಗೊಮ್ಮೆ, ಅಂದರೆ ಸುಮಾರು 0.77 ಸೆಕೆಂಡಿಗೊಮ್ಮೆ, 'ಟಿಕ್' ಅನ್ನುತ್ತದೆ. ನಿಧಾನ ತಿರುಗುವ ಎಲ್‌ಪಿ ತಟ್ಟೆ ಆದರೆ 1.8 ಸೆಕೆಂಡಿಗೊಮ್ಮೆ. ಕರಕರ ಸದ್ದು ಒಂದಿಷ್ಟೂ ಬದಲಾಗದೆ ಮತ್ತೆಮತ್ತೆ ಮರಳುತ್ತಿದ್ದರೆ ಅದು ಮೇಲಿಂದ ಅಂಟಿಸಿದ್ದು ಎಂದು ಅನುಮಾನಿಸಿ. ಹತ್ತಿಂಚಿನ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಮೂರು ನಿಮಿಷ ಚಿಲ್ಲರೆ. ಐದು ನಿಮಿಷ ಎಡೆಬಿಡದೆ ಓಡುವ 'ಯುದ್ಧಕಾಲದ ಹಾಡು' ನಂಬಬೇಡಿ. ಇವೆಲ್ಲ ಸುಳಿವುಗಳಷ್ಟೇ, ಸಾಕ್ಷಿಯಲ್ಲ.

ಸಾಹಿತ್ಯದಿಂದ ಹುಡುಕುವುದಾದರೆ ಕೇಳಿಸಿದ್ದನ್ನು ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ, ನಮ್ಮ ಲಿಪಿ ಇದಕ್ಕೆ ಒಳ್ಳೆಯದು. ಆಮೇಲೆ ಜರ್ಮನ್ ಅಕ್ಷರಗಳಿಗೆ ಬದಲಿಸಿ: ವ ಇದ್ದಲ್ಲಿ ಡಬ್ಲ್ಯು, ಫ ಇದ್ದಲ್ಲಿ ಎಫ್ ಅಥವಾ ವಿ, ತ್ಸ ಇದ್ದಲ್ಲಿ ಝಡ್, ಯ ಇದ್ದಲ್ಲಿ ಜೆ. ಪಲ್ಲವಿಯ ನಾಲ್ಕು ಪದ ಸಾಕು.

ಗೇಮ್‌ನ ಕೊನೆಯ ಕ್ರೆಡಿಟ್ಸ್ ಓದಿ. ಪರವಾನಗಿ ಪಡೆದ ಹಾಡಾದರೆ ಹೆಸರು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಯಾರೂ ಓದುವುದಿಲ್ಲ! ಹೆಸರು ಸಿಕ್ಕಿದರೆ ಹಾಡುಗಳ ಹಕ್ಕು ನೋಡಿಕೊಳ್ಳುವ ಜರ್ಮನಿಯ ಗೆಮಾ ಸಂಸ್ಥೆಯ ಆನ್‌ಲೈನ್ ಪಟ್ಟಿಯಲ್ಲಿ ಕವಿ, ಸಂಗೀತಗಾರರ ಹೆಸರು ನೋಡಿ, ತಟ್ಟೆಯ ನಂಬರಿಗೆ ರೆಕಾರ್ಡ್‌ಗಳ ಪಟ್ಟಿಯಿರುವ ಜಾಲತಾಣ ಡಿಸ್ಕಾಗ್ಸ್‌ಗೆ ಹೋಗಿ.

ಮ್ಯೂನಿಕ್ಕೋ ಬರ್ಲಿನ್ನೋ ಸೇರಿರುವ ನಮ್ಮ ಹುಡುಗರಿಗೆ ಒಂದು ಮಾತು. 1992ರ 'ವೋಲ್ಫೆನ್‌ಸ್ಟೈನ್ 3ಡಿ'ಯ ಆರಂಭದ ಸಂಗೀತ ನಾಜಿ ಪಕ್ಷದ ಗೀತೆಯದು. ಅದನ್ನು ಅಲ್ಲಿ ಸಾರ್ವಜನಿಕವಾಗಿ ನುಡಿಸುವುದು ದಂಡಸಂಹಿತೆಯ 86ಎ ಕಲಮಿನಡಿ ಅಪರಾಧ. ಹಾಡು ಯಾವುದೆಂದು ಖಾತ್ರಿಯಾಗುವ ತನಕ ರಿಂಗ್‌ಟೋನ್ ಮಾಡಿಕೊಳ್ಳಬೇಡಿ.