ಹೊಗೆಯೂ ಸೌದೆಯೇ

ಒಲೆ ಹಾಕುವ ದಿನ ಅಮ್ಮ ಒಳಗಿನಿಂದ ಮೂರು ಪಾತ್ರೆಗಳನ್ನು ಹೊತ್ತು ತಂದು ಕಲಸಿದ ಮಣ್ಣಿನ ಪಕ್ಕದಲ್ಲಿ ಸಾಲಾಗಿ ಇಟ್ಟಳು. ಅನ್ನದ ದೊಡ್ಡ ತಪ್ಪಲೆ, ಸಾರಿನ ಪಾತ್ರೆ, ಬಿಸಿನೀರಿನ ಪಾತ್ರೆ. ಮೇಸ್ತ್ರಿ ಬರುವ ಮೊದಲೇ ಅವುಗಳ ಬಾಯಿ, ಹೊಟ್ಟೆ, ತಳವನ್ನು ದಾರದಿಂದ ಅಳೆದು ಗಂಟು ಹಾಕಿಟ್ಟಿದ್ದಳು. ಪಾತ್ರೆಯನ್ನು ಅಳೆಯದೆ ಒಲೆ ಹಾಕಬಾರದು ಎಂಬುದು ಆಕೆ ಸುಮಾರು ಮೂವತ್ತೈದು ವರ್ಷಗಳ ಹಿಂದೆ, ಇದೇ ಮನೆಯಲ್ಲಿ ಕಡಿಮೆ ಸೌದೆ ಬೇಡುವ ಮೊದಲ ಅಸ್ತ್ರ ಒಲೆ ಹಾಕಿಸಿದಾಗ ಕಲಿತ ಪಾಠ. ಈಗ ಅಡುಗೆಮನೆಯಲ್ಲಿ ಗ್ಯಾಸ್ ಇದೆ. ಆದರೂ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮಂಥ ಅಡಿಕೆ ತೋಟದ ಮನೆಗಳಲ್ಲಿ ಸೋಗೆ, ಹಾಳೆ, ತೆಂಗಿನ ಮಟ್ಟೆ, ಒಣಗಿದ ಕೊಂಬೆ ವರ್ಷವಿಡೀ ಬೀಳುತ್ತವೆ. ಹತ್ತು ಜನ ಸೇರಿದ ದಿನದ ಅಡುಗೆಗೆ, ಮಳೆಗಾಲದ ಬಿಸಿನೀರಿಗೆ ಸೌದೆ ಒಲೆಯೇ ಆಗಬೇಕು. ಹಿಂಭಾಗದ ಕೋಣೆಯನ್ನು ಹೊಸದಾಗಿ ಕಟ್ಟಿಸುವಾಗ ಅಮ್ಮ ಪಟ್ಟು ಹಿಡಿದದ್ದು ಅದಕ್ಕಾಗಿ.

ಅಸ್ತ್ರ ಒಲೆಯ ಹೆಸರು ಮಲೆನಾಡಿನಲ್ಲಿ ಇಂದಿಗೂ ಮನೆಮಾತು. ಆದರೆ ಆ ಹೆಸರು ಎಲ್ಲಿಂದ ಬಂತೆಂದು ಹೊಸ ತಲೆಮಾರಿಗೆ ತಿಳಿದಿರಲಿಕ್ಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್‌ರಸಾಯನ ವಿಜ್ಞಾನಿಯಾಗಿದ್ದ ಎ.ಕೆ.ಎನ್. ರೆಡ್ಡಿ 1974ರಲ್ಲಿ ಒಂದು ವಿಭಾಗವನ್ನು ಹುಟ್ಟುಹಾಕಿದರು. ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಹಳ್ಳಿಗಳಿಗೆ ಅನ್ವಯಿಸುವುದು ಎಂಬ ಅರ್ಥದ ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ‘ಅಸ್ತ್ರ’ ಆಯಿತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರು ಕೇಂದ್ರ ತೆರೆದು, ಸುತ್ತಲಿನ ಹಳ್ಳಿಗಳಲ್ಲಿ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಮನೆಮನೆಯ ಲೆಕ್ಕ ತೆಗೆದರು. ದೇಶದ ಶಕ್ತಿಯ ಚರ್ಚೆಯೆಲ್ಲ ಕಲ್ಲಿದ್ದಲು, ತೈಲ, ವಿದ್ಯುತ್ತುಗಳ ಸುತ್ತ ಸುತ್ತುತ್ತಿದ್ದ ಆ ಕಾಲದಲ್ಲಿ ಈ ಲೆಕ್ಕ ತೋರಿಸಿದ್ದು ಹಳ್ಳಿಯ ಮುಖ್ಯ ಇಂಧನ ಸೌದೆ, ಅದು ಮುಖ್ಯವಾಗಿ ಉರಿಯುವುದು ಅಡುಗೆಯ ಒಲೆಯಲ್ಲಿ ಎಂಬುದನ್ನು. 1980ರ ದಶಕದ ಆರಂಭದಲ್ಲಿ ಅಲ್ಲಿಯೇ ಮೂರು ಪಾತ್ರೆಗಳ ಒಲೆಯೊಂದು ರೂಪುಗೊಂಡಿತು. ಎಂಜಿನಿಯರುಗಳು ಒಲೆಯ ಮುಂದೆ ಕುಳಿತು ಕಂಬಿಯ ಅಂತರವನ್ನೂ ಪಾತ್ರೆಯ ಸಂದನ್ನೂ ಬದಲಿಸುತ್ತ, ತೂಗಿದ ಸೌದೆಯಲ್ಲಿ ನೀರು ಕುದಿಸುತ್ತ ಮಾಡಿದ ಕೆಲಸ ಅದು. ಆ ಕೆಲಸದ ಬಗ್ಗೆ ನನಗೆ ತುಂಬು ಗೌರವವಿದೆ.

ಅವರು ಎದುರಿಸಿದ ಮೊದಲ ಪ್ರಶ್ನೆ, ಸೌದೆ ಉರಿಯುವುದು ಎಂದರೇನು? ಕೊಳ್ಳಿಯೊಂದನ್ನು ಹತ್ತಿರದಿಂದ ನೋಡಿ. ಜ್ವಾಲೆ ಮರಕ್ಕೆ ಅಂಟಿಕೊಂಡಿರುವುದಿಲ್ಲ, ಸ್ವಲ್ಪ ದೂರದಲ್ಲಿ ಕುಣಿಯುತ್ತಿರುತ್ತದೆ. ಏಕೆಂದರೆ ಅಲ್ಲಿ ಉರಿಯುತ್ತಿರುವುದು ಮರದಿಂದ ಹೊರಟ ಅನಿಲ. ಕಾದ ಮರ ಮೊದಲು ತನ್ನೊಳಗಿನ ನೀರನ್ನು ಬಿಡುತ್ತದೆ. ಶಾಖ ಸುಮಾರು 200ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಮರದ ನಾರೇ ಒಡೆದು ಅನಿಲ ಮತ್ತು ಡಾಂಬರಿನ ಆವಿಯಾಗಿ ಹೊರಬೀಳುತ್ತದೆ. ಒಣ ಮರದ ತೂಕದಲ್ಲಿ ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚು ಹೀಗೆ ಆವಿಯಾಗಿ ಹೊರಡುತ್ತದೆ, ಉಳಿದದ್ದು ಕೆಂಡ. ಆ ಆವಿ ಪೂರ್ತಿ ಉರಿಯಬೇಕಾದರೆ ಸಾಕಷ್ಟು ಗಾಳಿ ಬೇಕು, ಆರುನೂರು ಡಿಗ್ರಿಗೂ ಮೀರಿದ ಬಿಸಿ ಬೇಕು, ಎರಡೂ ಬೆರೆಯುವಷ್ಟು ಹೊತ್ತು ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಆವಿ ಉರಿಯದೆ ತಣ್ಣಗಾಗಿ, ಸಣ್ಣ ಹನಿಗಳಾಗಿ, ಮಸಿಯ ಕಣಗಳಾಗಿ ಮೇಲೇರುತ್ತದೆ. ನಾವು ಹೊಗೆ ಎನ್ನುವುದು ಅದನ್ನೇ. ಅಂದರೆ ಹೊಗೆ ಕೂಡ ಸೌದೆಯೇ. ಕಾಡಿನಿಂದ ಹೊತ್ತು ತಂದು, ಸೀಳಿ, ಒಣಗಿಸಿದ ಮೇಲೂ ಉರಿಯದೆ ಅಮ್ಮನ ಕಣ್ಣಿಗೆ ಹೋದ ಸೌದೆ.

ಹಸಿ ಸೌದೆಯ ವಿಚಾರದಲ್ಲಿ ಲೆಕ್ಕ ಮಾಡಿದಾಗ ನನಗೇ ಅಚ್ಚರಿಯಾಯಿತು. ಆಗಷ್ಟೇ ಕಡಿದ ಒಂದು ಕಿಲೋ ಮರದಲ್ಲಿ ಅರ್ಧದಷ್ಟು ನೀರೇ ಇದೆ ಎಂದುಕೊಳ್ಳೋಣ. ಅದನ್ನು ಕಾಯಿಸಿ ಆವಿಯಾಗಿಸಲು ಸುಮಾರು 1.3 ಮೆಗಾಜೂಲ್ ಶಕ್ತಿ ಸಾಕು. ಉಳಿದ ಅರ್ಧ ಕಿಲೋ ಮರ ಸರಿಯಾಗಿ ಉರಿದರೆ ಸುಮಾರು 9 ಮೆಗಾಜೂಲ್ ಕೊಡುತ್ತದೆ. ಅಂದರೆ ನೀರು ನೇರವಾಗಿ ತಿನ್ನುವುದು ಏಳರಲ್ಲಿ ಒಂದು ಪಾಲು ಮಾತ್ರ. ಹಾಗಾದರೆ ಹಸಿ ಸೌದೆ ಅಷ್ಟೊಂದು ಕಾಡುವುದೇಕೆ? ಆವಿಯಾಗುವ ನೀರು ಉರಿಯನ್ನು ತಂಪಾಗಿಸುತ್ತದೆ, ಅನಿಲಗಳು ಹೊತ್ತಿಕೊಳ್ಳಬೇಕಾದ ಬಿಸಿ ಸಿಗುವುದೇ ಇಲ್ಲ. ಆ 9 ಮೆಗಾಜೂಲಿನಲ್ಲಿ ದೊಡ್ಡ ಪಾಲು ಹೊಗೆಯಾಗಿ ಎದ್ದುಹೋಗುತ್ತದೆ. ಅಮ್ಮ ಬೇಸಿಗೆಯಲ್ಲೇ ಸೌದೆ ಸೀಳಿಸಿ, ಮಳೆ ತಾಗದ ಕೊಟ್ಟಿಗೆಯಲ್ಲಿ ಗಾಳಿಯಾಡುವಂತೆ ಒಟ್ಟಿಸುತ್ತಾಳೆ. ಸೀಳಿದ ಚಕ್ಕೆ ತುಂಡಿಗಿಂತ ಬೇಗ ಒಣಗುವುದು ತೊಗಟೆಯ ತಡೆ ಹೋಗಿ ಒಳಮೈ ಗಾಳಿಗೆ ತೆರೆದುಕೊಳ್ಳುವುದರಿಂದ.

ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದ ಶಕ್ತಿ ಇಪ್ಪತ್ತು ಗ್ರಾಂ ಒಣ ಸೌದೆಯಲ್ಲಿದೆ. ಅಂಗೈ ಮೇಲೆ ಹಿಡಿಯಬಹುದಾದ ನಾಲ್ಕಾರು ಪುಳ್ಳೆಗಳು. ಆದರೆ ಮೂರು ಕಲ್ಲಿನ ಒಲೆಯ ಮುಂದೆ ಕುಳಿತವರಿಗೆ ಗೊತ್ತು, ಅಷ್ಟರಲ್ಲಿ ನೀರು ಬೆಚ್ಚಗೂ ಆಗುವುದಿಲ್ಲ. ಗಾಳಿ ಬೀಸಿದತ್ತ ಜ್ವಾಲೆ ವಾಲುತ್ತದೆ, ಕಲ್ಲು ಕಾಯುತ್ತದೆ, ಎದುರಿಗೆ ಕುಳಿತವರ ಮೊಣಕಾಲು ಕಾಯುತ್ತದೆ. ನೂರರಲ್ಲಿ ಹತ್ತರ ಆಸುಪಾಸಿನ ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಅಸ್ತ್ರ ಒಲೆ ಪ್ರಯೋಗಾಲಯದ ಪರೀಕ್ಷೆಯಲ್ಲಿ ನೂರಕ್ಕೆ ನಲವತ್ತನ್ನು ದಾಟಿತು. ಇನ್ನೂರು ಗ್ರಾಂ ಸೌದೆ ಬೇಡುತ್ತಿದ್ದ ನೀರು ಐವತ್ತು ಗ್ರಾಮಿನಲ್ಲಿ ಕುದಿಯಿತು ಎಂದು ತಿಳಿಯಬಹುದು. ಮನೆಯ ಬಳಕೆಯಲ್ಲಿ ಅಷ್ಟು ಸಿಗುವುದಿಲ್ಲ. ಕೈ ಬೇರೆ, ಸೌದೆ ಬೇರೆ, ಪಾತ್ರೆ ಬೇರೆ. ಆದರೂ ಉಳಿತಾಯ ಕಣ್ಣಿಗೆ ಕಾಣುವಷ್ಟಿರುತ್ತದೆ.

ಇದರ ಗುಟ್ಟು ಪಾತ್ರೆ ಕೂರುವ ರೀತಿಯಲ್ಲಿದೆ. ಹಳೆಯ ಒಲೆಯಲ್ಲಿ ಪಾತ್ರೆ ಗುಂಡುಗಳ ಮೇಲೆ ಕೂರುತ್ತದೆ. ಇಲ್ಲಿ ಅದು ಒಲೆಯೊಳಗೆ ಇಳಿದು ಕೂರುತ್ತದೆ, ಬಾಯಿಯ ಅಂಚು ಮಾತ್ರ ಮೇಲಿರುತ್ತದೆ. ಬಿಸಿ ಅನಿಲ ಮೊದಲ ಪಾತ್ರೆಯ ತಳವನ್ನೂ ಪಕ್ಕೆಯನ್ನೂ ತಬ್ಬಿಕೊಂಡು ಸಾಗಿ, ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ದಾಟಿ, ಶಾಖ ಕೊಟ್ಟ ಮೇಲೆ ಹೊಗೆಕೊಳವೆ ಸೇರುತ್ತದೆ. ಅಜ್ಜಿಯಂದಿರ ಕೋಡೊಲೆಯಲ್ಲಿ ಈ ಉಪಾಯದ ಬೀಜವಿತ್ತು. ಉರಿಯ ಸೆಳೆತ ಪಕ್ಕದ ಕಂಡಿಗೆ ಹಾಯ್ದು ಸಾರನ್ನು ಬೆಚ್ಚಗಿಡುತ್ತಿತ್ತು. ಅಸ್ತ್ರ ಒಲೆ ಅದಕ್ಕೆ ಅಳತೆ ಕೊಟ್ಟಿತು. ಪಾತ್ರೆಗೂ ಗೋಡೆಗೂ ನಡುವಿನ ಸಂದು ಅಗಲವಾದರೆ ಅನಿಲ ಪಾತ್ರೆಯನ್ನು ಮುಟ್ಟದೆ ನಡುವಿನಲ್ಲಿ ಓಡಿಹೋಗುತ್ತದೆ, ಕಿರಿದಾದರೆ ಮುಂದೆ ಸಾಗಲಾರದೆ ಬಾಯಿಯಿಂದಲೇ ಹೊರಬರುತ್ತದೆ. ಒಂದು ಬೆರಳಿನ ಅಗಲದಲ್ಲಿ ಒಲೆ ಗೆಲ್ಲುತ್ತದೆ ಅಥವಾ ಸೋಲುತ್ತದೆ. ಮೇಸ್ತ್ರಿಗಳ ಕೈಗೆ ಅಚ್ಚು ಕೊಟ್ಟು ಒಲೆ ಹಾಕಿಸುತ್ತಿದ್ದುದು, ಅಮ್ಮ ದಾರಕ್ಕೆ ಗಂಟು ಹಾಕಿದ್ದು, ಎರಡೂ ಇದಕ್ಕಾಗಿಯೇ.

ಸೌದೆ ನೆಲದ ಮೇಲೆ ಉರಿಯದೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ. ಬೂದಿ ಕೆಳಗೆ ಉದುರುತ್ತದೆ, ಗಾಳಿ ಕೆಳಗಿನಿಂದ ಕೆಂಡಕ್ಕೆ ತಗಲುತ್ತದೆ. ಮಣ್ಣಿನ ಮಾತು ಸ್ವಲ್ಪ ಸೂಕ್ಷ್ಮ. ದಪ್ಪ ಮಣ್ಣಿನ ಗೋಡೆ ಶಾಖವನ್ನು ಹಿಡಿದಿಡುತ್ತದೆ ಎಂದು ಜನ ಮೆಚ್ಚಿಕೊಳ್ಳುತ್ತಾರೆ. ಆದರೆ ಹಿಡಿದಿಟ್ಟ ಶಾಖ ಪಾತ್ರೆಗೆ ಹೋಗದ ಶಾಖ. ಇಪ್ಪತ್ತು ಕಿಲೋ ಮಣ್ಣು ಇನ್ನೂರು ಡಿಗ್ರಿ ಬಿಸಿಯಾಗಲು ಕಾಲು ಕಿಲೋ ಸೌದೆ ಉರಿಯಬೇಕು. ಒಂದು ಲೋಟ ಕಾಫಿಗೆ ಒಲೆ ಹೊತ್ತಿಸಿದರೆ ಹೆಚ್ಚಿನ ಸೌದೆ ಒಲೆಯನ್ನೇ ಕಾಯಿಸಲು ಖರ್ಚಾಗುತ್ತದೆ. ಬೆಳಿಗ್ಗೆ ಮೂರು ಗಂಟೆ ಎಡೆಬಿಡದೆ ಉರಿಸುವ ಮನೆಗೆ ಆ ನಷ್ಟ ಲೆಕ್ಕಕ್ಕೆ ಬರುವುದಿಲ್ಲ. ಜೇಡಿಮಣ್ಣಿಗೆ ಭತ್ತದ ಹೊಟ್ಟು ಬೆರೆಸುವ ರೂಢಿ ಇಲ್ಲಿ ಎರಡು ಬಗೆಯಲ್ಲಿ ನೆರವಾಗುತ್ತದೆ. ಒಣಗುವಾಗ ಬಿರುಕು ಕಡಿಮೆಯಾಗುತ್ತದೆ. ಮುಂದೆ ಉರಿಯ ಕಡೆಯ ಹೊಟ್ಟು ಸುಟ್ಟುಹೋಗಿ ಅಲ್ಲೆಲ್ಲ ಸಣ್ಣ ಸಣ್ಣ ಟೊಳ್ಳು ಉಳಿಯುತ್ತದೆ. ಟೊಳ್ಳಿನಲ್ಲಿ ಸಿಕ್ಕಿಬಿದ್ದ ಗಾಳಿ ಶಾಖವನ್ನು ಸುಲಭವಾಗಿ ದಾಟಲು ಬಿಡುವುದಿಲ್ಲ.

ಇನ್ನು ಹೊಗೆಕೊಳವೆ. ಹೊಗೆಯನ್ನು ಹೊರಗೆ ಹಾಕುವ ಬರಿಯ ದಾರಿ ಎಂದು ಅದನ್ನು ತಿಳಿದವರೇ ಹೆಚ್ಚು. ನಿಜದಲ್ಲಿ ಅದು ಒಲೆಯ ಯಂತ್ರ. ಊದುಕೊಳವೆ ಹಿಡಿದು ಅಮ್ಮ ಮಾಡುತ್ತಿದ್ದ ಕೆಲಸವನ್ನು ಅದು ತಾನಾಗಿಯೇ ಮಾಡುತ್ತದೆ. 27 ಡಿಗ್ರಿಯ ಹೊರಗಿನ ಗಾಳಿ ಒಂದು ಘನ ಮೀಟರಿಗೆ ಸುಮಾರು 1.18 ಕಿಲೋ ತೂಗುತ್ತದೆ. ಕೊಳವೆಯೊಳಗಿನ ಅನಿಲ 150 ಡಿಗ್ರಿ ಇದ್ದರೆ ಅದರ ತೂಕ 0.83 ಕಿಲೋ. ಹಗುರವಾದದ್ದು ಮೇಲೇರುತ್ತದೆ, ಆ ಜಾಗಕ್ಕೆ ಒಲೆಯ ಬಾಯಿಂದ ಹೊಸ ಗಾಳಿ ನುಗ್ಗುತ್ತದೆ. ಆದರೆ ಈ ಸೆಳೆತ ಎಷ್ಟು ಮೆಲುವಾದದ್ದು ಗೊತ್ತೇ? ಮೂರು ಮೀಟರ್ ಎತ್ತರದ ಕೊಳವೆಯಲ್ಲಿ ಅದು ಹತ್ತು ಪ್ಯಾಸ್ಕಲ್, ಅಂದರೆ ಒಂದು ಮಿಲಿಮೀಟರ್ ಎತ್ತರದ ನೀರಿನ ಪದರ ತನ್ನ ಕೆಳಗಿನ ನೆಲವನ್ನು ಒತ್ತುವಷ್ಟು. ಒಂದು ಕಿಲೋ ಸೌದೆಗೆ ಕಡಿಮೆಯೆಂದರೂ ಐದು ಘನ ಮೀಟರ್ ಗಾಳಿ ಬೇಕು, ವಾಸ್ತವದಲ್ಲಿ ಅದರ ಎರಡು ಪಟ್ಟು. ಅಷ್ಟನ್ನೂ ಎಳೆದು ತರಬೇಕಾದದ್ದು ಈ ಒಂದು ಮಿಲಿಮೀಟರ್.

ಅದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತಿಳಿದಿದ್ದ ನಾನೇ ಎಡವಿದೆ. ಏಪ್ರಿಲ್‌ನಲ್ಲಿ ಒಲೆ ಹೊತ್ತಿಸಿದಾಗ ಹೊಗೆ ನೂಲೆಳೆದಂತೆ ಮೇಲೇರಿತು. ಜೂನ್‌ನಲ್ಲಿ ಪಡುವಣ ಗಾಳಿ ಶುರುವಾದದ್ದೇ ಒಲೆ ಬಾಯಿಂದ ಹೊಗೆ ಉಗುಳತೊಡಗಿತು. ಕೊಳವೆಯ ತುದಿ ಮಾಡಿನ ನೆತ್ತಿಗಿಂತ ಕೆಳಗೆ, ಗಾಳಿಯ ಮರೆಯ ಬದಿಯಲ್ಲಿತ್ತು. ನೆತ್ತಿಯನ್ನು ದಾಟಿದ ಗಾಳಿ ಆಚೆ ಬದಿಯಲ್ಲಿ ಸುಳಿಯಾಗಿ ಕೆಳಗೆ ಬಾಗುತ್ತದೆ. ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದ ಸಾಧಾರಣ ಗಾಳಿಯೂ ಅಡ್ಡ ಸಿಕ್ಕಿದ್ದನ್ನು ಒತ್ತುವ ಒತ್ತಡ ಸುಮಾರು ಹದಿನೆಂಟು ಪ್ಯಾಸ್ಕಲ್. ಅದರಲ್ಲಿ ಒಂದಂಶ ಕೊಳವೆಯೊಳಗೆ ಇಳಿದರೂ ಹತ್ತು ಪ್ಯಾಸ್ಕಲಿನ ಸೆಳೆತ ತಡವರಿಸುತ್ತದೆ. ಮಳೆ ಬಿಟ್ಟ ಎರಡು ದಿನ ನೋಡಿಕೊಂಡು ಹೆಂಚು ಸರಿಸಿ, ಕೊಳವೆಯನ್ನು ನೆತ್ತಿಗಿಂತ ಎರಡು ಅಡಿ ಮೇಲಕ್ಕೆ ಏರಿಸಿ ತುದಿಗೆ ಟೊಪ್ಪಿ ಕೂರಿಸಿದೆವು. ಅಂದಿನಿಂದ ತೊಂದರೆಯಿಲ್ಲ. ಹೆಂಚು ಹೊರುವ ಮರದ ಪಕಾಸು, ರೀಪುಗಳನ್ನು ಕೊಳವೆಯಿಂದ ಒಂದು ಗೇಣಿಗೂ ಹೆಚ್ಚು ದೂರ ಸರಿಸಿದ್ದೇವೆ. ವರ್ಷಗಟ್ಟಲೆ ಶಾಖ ತಿಂದ ಮರ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಹಳೆಯ ಒಲೆಗಿದ್ದದ್ದು ಕಲ್ನಾರು (ಆಸ್ಬೆಸ್ಟಾಸ್) ಸಿಮೆಂಟಿನ ಕೊಳವೆ. ಅದನ್ನು ಕೊಯ್ಯುವಾಗ ಏಳುವ ದೂಳು ಪುಪ್ಪುಸಕ್ಕೆ ಕೇಡು. ಹಾಗಾಗಿ ತುಂಡರಿಸದೆ ಇಡಿಯಾಗಿಯೇ ಇಳಿಸಿ ತೆಗೆದೆವು.

ಸರ್ಕಾರ 1980ರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ನಡೆಸಿ ದೇಶದಾದ್ಯಂತ ಲಕ್ಷಾಂತರ ಒಲೆಗಳನ್ನು ಹಾಕಿಸಿತು. ಅವುಗಳಲ್ಲಿ ಬಹಳಷ್ಟು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಮುಂದೆ ಒಡಿಶಾದ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರಾದ ರೆಮಾ ಹನ್ನಾ, ಎಸ್ತರ್ ಡುಫ್ಲೊ ಮತ್ತು ಮೈಕಲ್ ಗ್ರೀನ್‌ಸ್ಟೋನ್ ಹಲವು ವರ್ಷ ನಡೆಸಿದ ಅಧ್ಯಯನದಲ್ಲೂ ಅದೇ ಕಂಡಿತು. ಮೊದಲ ವರ್ಷ ಉಸಿರಿಗೆ ಸೇರುವ ಹೊಗೆ ಕಡಿಮೆಯಾಯಿತು, ಆಮೇಲೆ ಆ ಲಾಭ ಕರಗಿತು. ಮನೆಯವರು ಒಲೆಯನ್ನು ಸರಿಯಾಗಿ ಬಳಸುವುದು, ರಿಪೇರಿ ಮಾಡಿಸುವುದು ಕಡಿಮೆಯಾಗಿತ್ತು. ಇದಕ್ಕೆ ಹೆಂಗಸರನ್ನು ದೂರುವುದು ನನಗೆ ಒಪ್ಪಿಗೆಯಿಲ್ಲ. ಒಂದು ಮಿಲಿಮೀಟರಿನ ಸೆಳೆತದ ಮೇಲೆ ನಿಂತ ಒಲೆಯಲ್ಲಿ, ಮೂರನೆಯ ಪಾತ್ರೆ ಇಡದೆ ಕಂಡಿಯನ್ನು ತೆರೆದಿಟ್ಟರೆ ಕೊಳವೆ ಆ ಕಂಡಿಯಿಂದಲೇ ತಣ್ಣನೆಯ ಗಾಳಿ ಎಳೆಯುತ್ತದೆ, ಉರಿಗೆ ಗಾಳಿ ಸಾಲದಾಗುತ್ತದೆ. ತೂತಾದ ತಪ್ಪಲೆಯ ಬದಲು ಸಂತೆಯಿಂದ ಚಿಕ್ಕದೊಂದನ್ನು ತಂದರೂ ಹಾಗೆಯೇ. ಪಾತ್ರೆಯೂ ಒಲೆಯ ಒಂದು ಅಂಗ ಎಂದು ಒಲೆ ಹಾಕಿಕೊಟ್ಟವರು ಕುಳಿತು ಹೇಳಿದ್ದರೆ, ವರ್ಷಕ್ಕೊಮ್ಮೆ ಬಂದು ನೋಡಿದ್ದರೆ ಎಷ್ಟೋ ಒಲೆಗಳು ಉಳಿಯುತ್ತಿದ್ದವು.

ಹೊಗೆ ಹೋದರೆ ನಷ್ಟವೂ ಇದೆ, ಅದನ್ನು ಮುಚ್ಚಿಡಬಾರದು. ಅಟ್ಟದ ಮೇಲಿನ ಬೀಜದ ಕಾಳು, ತೆಂಗಿನಕಾಯಿ, ತೊಲೆ ಬಿದಿರುಗಳನ್ನು ಹುಳು ಮುಟ್ಟದಂತೆ ಕಾಯುತ್ತಿದ್ದುದು ಹೊಗೆಯ ಒಣ ಶಾಖ ಮತ್ತು ಅದರಲ್ಲಿನ ಫೀನಾಲ್ ಬಗೆಯ ರಾಸಾಯನಿಕಗಳು. ಒಲೆ ಬದಲಾದ ಮೇಲೆ ನಮ್ಮ ಅಟ್ಟದ ಬಿದಿರಿಗೆ ಕುಟ್ಟೆ ಹಿಡಿಯಿತು. ಆದರೆ ಹುಳುವನ್ನು ಓಡಿಸುವ ಆ ಹೊಗೆಯಲ್ಲೇ ಕೂತು ಅಮ್ಮ ದಿನಕ್ಕೆ ನಾಲ್ಕೈದು ಗಂಟೆ ಉಸಿರಾಡುತ್ತಿದ್ದಳು. 1980ರ ದಶಕದ ಆರಂಭದಲ್ಲಿ ಒಲೆಯ ಹೊಗೆ ಮತ್ತು ಆರೋಗ್ಯದ ಸಂಶೋಧಕ ಕರ್ಕ್ ಸ್ಮಿತ್ ಮತ್ತು ಸಂಗಡಿಗರು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಗೇ ಅಳತೆಯ ಉಪಕರಣ ಕಟ್ಟಿ ಉಸಿರಿಗೆ ಸೇರುವ ಹೊಗೆಯನ್ನು ಅಳೆದಾಗ, ಕೊಳಕು ಗಾಳಿ ಎಂದರೆ ನಗರದ್ದು ಎಂಬ ನಂಬಿಕೆ ಅಲುಗಿತು. ತಲೆಗೂದಲಿನ ದಪ್ಪದ ಇಪ್ಪತ್ತರಲ್ಲೊಂದು ಪಾಲಿನಷ್ಟಿರುವ ಕಣಗಳು ಪುಪ್ಪುಸದ ಆಳಕ್ಕಿಳಿಯುತ್ತವೆ. ದಿನದ ಸರಾಸರಿಯಲ್ಲಿ ಅವು ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಕೊಳವೆಯಿಲ್ಲದ ಅಡುಗೆಕೋಣೆಯಲ್ಲಿ ಒಲೆ ಉರಿಯುವಾಗ ಅದು ನೂರಾರು, ಕೆಲವೊಮ್ಮೆ ಸಾವಿರ ದಾಟುತ್ತದೆ. ಕೊಳವೆಯಿರುವ ಒಳ್ಳೆಯ ಒಲೆಯೂ ಈ ಮಿತಿಯೊಳಗೆ ಉಳಿಯಲಾರದು. ಆದ್ದರಿಂದ ದಿನದ ಅಡುಗೆ ಗ್ಯಾಸಿನಲ್ಲೇ ಆಗಲಿ ಎಂದು ನಾನು ಅಮ್ಮನಿಗೆ ಹೇಳುತ್ತಲೇ ಇರುತ್ತೇನೆ. ಇನ್ನೊಂದು ಮಾತನ್ನು ಮನೆಯ ಎಲ್ಲರಿಗೂ ಹೇಳಿದ್ದೇನೆ. ಚಳಿಯೆಂದು ಕಿಟಕಿ ಬಾಗಿಲು ಮುಚ್ಚಿ ಕೆಂಡದ ಮುಂದೆ ಮಲಗಬಾರದು. ಹೊಗೆಯಿಲ್ಲದ ಕೆಂಡದಿಂದಲೂ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಏಳುತ್ತದೆ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದು, ಎಚ್ಚರವಾಗದಂತೆ ಕೊಲ್ಲುತ್ತದೆ.

ಮಳೆಗಾಲಕ್ಕೆ ಮೊದಲು ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ ಕೊಳವೆ ಗುಡಿಸುತ್ತೇವೆ. ಉದ್ದನೆಯ ಬಿದಿರಿಗೆ ತೆಂಗಿನ ನಾರು ಬಿಗಿದು ಮೇಲಿನಿಂದ ಇಳಿಸುವುದು, ಕೆಳಗೆ ಬುಟ್ಟಿ ಹಿಡಿಯುವುದು. ಬೀಳುವ ಮಸಿಯನ್ನು ಅಮ್ಮ ಬೆರಳಿನಲ್ಲಿ ಉಜ್ಜಿ ನೋಡುತ್ತಾಳೆ. ಹೊಳೆಯುವ, ಅಂಟುವ ಕಪ್ಪಾಗಿದ್ದರೆ ಅದು ಡಾಂಬರು. ಸೌದೆ ಹಸಿಯಿತ್ತು ಅಥವಾ ಕೊಳವೆ ತಣ್ಣಗಿತ್ತು ಎಂದರ್ಥ, ಅದು ಕೂತಲ್ಲಿ ಮುಂದೊಂದು ದಿನ ಕೊಳವೆಯೊಳಗೇ ಬೆಂಕಿ ಹತ್ತೀತು. ಒಣ ಪುಡಿಯಾಗಿ ಉದುರಿದರೆ ಉರಿ ಚೆನ್ನಾಗಿತ್ತು. ಕಳೆದ ಬಾರಿ ಬುಟ್ಟಿಗೆ ಬಿದ್ದದ್ದು ಎರಡು ಕರಟದಷ್ಟು ಒಣ ಮಸಿ, ತುದಿಯ ಟೊಪ್ಪಿಯ ಬಳಿ ಮಾತ್ರ ಸ್ವಲ್ಪ ಅಂಟು. ಆ ಅಂಟನ್ನು ಕೆರೆಯುತ್ತ ಅಮ್ಮ, ಆಗಸ್ಟ್‌ನಲ್ಲಿ ಒಂದು ವಾರ ಉರಿಸಿದ ಹಲಸಿನ ಸೌದೆ ಸರಿಯಾಗಿ ಒಣಗಿರಲಿಲ್ಲ ಎಂದಳು.