ಗಾಂಜಾ ಕಾನೂನು ಮತ್ತು ಕೆಲಸದ ಜಾಗದ ಡ್ರಗ್ ಟೆಸ್ಟ್: ಅಮೆರಿಕದ ಚರ್ಚೆಯ ಟಿಪ್ಪಣಿ

ರಾಜ್ಯದ ಕಾನೂನು ಗಾಂಜಾಕ್ಕೆ ಒಪ್ಪಿದ್ದರೂ, ಟೆಸ್ಟ್ ಪಾಸಿಟಿವ್ ಬಂತೆಂದು ನೌಕರನನ್ನು ಕೆಲಸದಿಂದ ತೆಗೆಯಬಹುದೇ ಎಂಬುದೇ ಇಲ್ಲಿನ ಚರ್ಚೆ. ಈ ಪಾಠವನ್ನು ಲ್ಯಾಬ್‌ನಿಂದ ಶುರು ಮಾಡಿ. ಕೋರ್ಟು ಆಮೇಲೆ. ಟೆಸ್ಟ್ ಯಾವುದನ್ನು ಅಳೆಯುತ್ತದೆ ಎಂದು ತಿಳಿಯದೆ ತೀರ್ಪುಗಳನ್ನು ಓದಿದರೆ ಎಲ್ಲವೂ ಕಲಸಿಹೋಗುತ್ತದೆ.

ಗಾಂಜಾದಲ್ಲಿ ಅಮಲೇರಿಸುವ ಅಂಶ ಟಿಎಚ್‌ಸಿ. ಸೇದಿದ ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿ ಅದು ಏರುತ್ತದೆ, ಕೆಲವು ಗಂಟೆಗಳಲ್ಲಿ ಬಹುಪಾಲು ಇಳಿಯುತ್ತದೆ. ಲಿವರ್ ಅದನ್ನು ಒಡೆದು ಕೊನೆಗೆ ಟಿಎಚ್‌ಸಿ-ಸಿಒಒಎಚ್ ಎಂಬ ಬೇರೆ ವಸ್ತುವಾಗಿಸುತ್ತದೆ. ಇದರಿಂದ ಅಮಲೇರುವುದಿಲ್ಲ. ಆದರೆ ಮೂತ್ರ ಪರೀಕ್ಷೆ ಹುಡುಕುವುದು ಇದನ್ನೇ! ಟಿಎಚ್‌ಸಿ ಮೈಯ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ಅಪರೂಪಕ್ಕೆ ಸೇದುವವರಲ್ಲಿ ಕೆಲವು ದಿನ, ದಿನಾ ಸೇದುವವರಲ್ಲಿ ಒಮ್ಮೊಮ್ಮೆ ತಿಂಗಳವರೆಗೂ ಟೆಸ್ಟ್ ಪಾಸಿಟಿವ್ ಬರಬಹುದು.

ಫೆಡರಲ್ (ಅಂದರೆ ಕೇಂದ್ರ) ಸರ್ಕಾರದ ನಿಯಮದಲ್ಲಿ ಮೂತ್ರದ ಮೊದಲ ಪರೀಕ್ಷೆಗೆ ಮಿತಿ ಪ್ರತಿ ಮಿಲಿಲೀಟರಿಗೆ 50 ನ್ಯಾನೊಗ್ರಾಂ, ಖಚಿತಪಡಿಸುವ ಎರಡನೇ ಪರೀಕ್ಷೆಗೆ 15. ಈ ಅಂಕಿಗಳು ಅಮಲಿನ ಅಳತೆಯಲ್ಲ, ಇದನ್ನು ಗುರುತು ಹಾಕಿಕೊಳ್ಳಿ. ಮದ್ಯದ ವಿಷಯ ಬೇರೆ. ಉಸಿರಿನ ಪರೀಕ್ಷೆ ಆ ಹೊತ್ತಿನ ಸ್ಥಿತಿಯನ್ನು ಹೇಳುತ್ತದೆ, ಲಾರಿ ಚಾಲಕರಿಗೆ ರಕ್ತದಲ್ಲಿ ಶೇ 0.04 ಮದ್ಯ ಎಂಬ ಗೆರೆಯೂ ಇದೆ. ಗಾಂಜಾಕ್ಕೆ ಎಲ್ಲರೂ ಒಪ್ಪುವ ಅಂಥ ಗೆರೆ ಇನ್ನೂ ಸಿಕ್ಕಿಲ್ಲ. ನನ್ನ ಪ್ರಕಾರ ಇಡೀ ಚರ್ಚೆಯ ಬೇರು ಇಲ್ಲೇ ಇದೆ.

ಈಗ ಕಾನೂನು. 1970ರ ಕಂಟ್ರೋಲ್ಡ್ ಸಬ್‌ಸ್ಟೆನ್ಸಸ್ ಆ್ಯಕ್ಟ್ ಗಾಂಜಾವನ್ನು ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಗೆ ಸೇರಿಸಿತು. 1986ರಲ್ಲಿ ಅಧ್ಯಕ್ಷ ರೇಗನ್ ಫೆಡರಲ್ ನೌಕರರಿಗೆ ಡ್ರಗ್ ಟೆಸ್ಟ್ ತರುವ ಆದೇಶ ಹೊರಡಿಸಿದರು. 1988ರ ಡ್ರಗ್-ಫ್ರೀ ವರ್ಕ್‌ಪ್ಲೇಸ್ ಆ್ಯಕ್ಟ್ ಬಗ್ಗೆ ತುಂಬಾ ಜನ ಎಡವುತ್ತಾರೆ. ಸರ್ಕಾರದ ಗುತ್ತಿಗೆ ಪಡೆದ ಕಂಪನಿಗಳು ಡ್ರಗ್ ವಿರುದ್ಧ ನೀತಿ ಇಟ್ಟುಕೊಳ್ಳಬೇಕು ಎನ್ನುತ್ತದೆ ಅದು. ಟೆಸ್ಟ್ ಮಾಡಲೇಬೇಕು ಎಂದು ಎಲ್ಲೂ ಹೇಳುವುದಿಲ್ಲ.

ಟೆಸ್ಟ್ ಕಡ್ಡಾಯವಾಗಿದ್ದು ಸಾರಿಗೆಯಲ್ಲಿ. 1987ರ ಜನವರಿ 4ರಂದು ಮೇರಿಲ್ಯಾಂಡ್‌ನ ಚೇಸ್ ಬಳಿ ಸರಕು ರೈಲು ಕಂಪನಿ ಕಾನ್‌ರೇಲ್‌ನ ಎಂಜಿನ್‌ಗಳು ಸಿಗ್ನಲ್ ದಾಟಿ ಬಂದು, ಆಮ್‌ಟ್ರ್ಯಾಕ್ ಪ್ರಯಾಣಿಕರ ರೈಲು ಅವಕ್ಕೆ ಡಿಕ್ಕಿ ಹೊಡೆಯಿತು. 16 ಜನ ಸತ್ತರು. ಕಾನ್‌ರೇಲ್ ಸಿಬ್ಬಂದಿ ಗಾಂಜಾ ಸೇದಿದ್ದು ತನಿಖೆಯಲ್ಲಿ ಹೊರಬಂತು. ಎಂಜಿನ್‌ನ ಎಚ್ಚರಿಕೆಯ ಸೀಟಿಗೆ ಟೇಪ್ ಸುತ್ತಿ ಸದ್ದು ಅಡಗಿಸಿದ್ದೂ ಗೊತ್ತಾಯಿತು. 1991ರಲ್ಲಿ ಸಂಸತ್ತು ಸಾರಿಗೆ ನೌಕರರ ಟೆಸ್ಟ್ ಕಾನೂನು ತಂದಿತು. ಟೆಸ್ಟ್ ಬೇಡ ಎನ್ನುವವರು ಈ ಅಪಘಾತವನ್ನು ಬದಿಗೆ ತಳ್ಳಬಾರದು. ಆ 16 ಜೀವಗಳಿಗೂ ಉತ್ತರ ಕೊಡಬೇಕು, ಅಲ್ವಾ?

ಇನ್ನೊಂದು ಗೊಂದಲ. ‘ಇದು ನನ್ನ ಸಂವಿಧಾನದ ಹಕ್ಕು’ ಎಂಬ ವಾದ ಸರ್ಕಾರದ ಎದುರು ಮಾತ್ರ ನಡೆಯುತ್ತದೆ. 1989ರ ಸ್ಕಿನ್ನರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರೈಲು ನೌಕರರ ಟೆಸ್ಟನ್ನು ಸಂವಿಧಾನದ ನಾಲ್ಕನೇ ತಿದ್ದುಪಡಿಯ (ಸರ್ಕಾರ ಸಕಾರಣವಿಲ್ಲದೆ ಶೋಧಿಸದಂತೆ ತಡೆಯುವ ನಿಯಮ) ಅಡಿ ತೂಗಿ ನೋಡಿ ಒಪ್ಪಿಕೊಂಡಿತು. ಸರ್ಕಾರದ ನಿಯಮವಿಲ್ಲದೆ ಖಾಸಗಿ ಕಂಪನಿ ತಾನಾಗಿ ಟೆಸ್ಟ್ ಮಾಡಿದರೆ ಆ ತಿದ್ದುಪಡಿ ನೆರವಿಗೆ ಬರುವುದಿಲ್ಲ. ಅಲ್ಲಿ ನೋಡಬೇಕಾದ್ದು ರಾಜ್ಯದ ಕಾನೂನು.

ಅಲ್ಲೇ ಜಾಸ್ತಿ ತಿಕ್ಕಾಟ. ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲೇ ಔಷಧಿಯಾಗಿ ಗಾಂಜಾಕ್ಕೆ ಒಪ್ಪಿದರು. ಆದರೂ 2008ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ವೈದ್ಯರ ಶಿಫಾರಸಿದ್ದರೂ ಕಂಪನಿ ಕೆಲಸದಿಂದ ತೆಗೆಯಬಹುದು ಎಂದಿತು. ಕೊಲೊರಾಡೊದ ಕೋಟ್ಸ್ ಪ್ರಕರಣ ಇನ್ನೂ ಕಷ್ಟದ್ದು. ಕೈಕಾಲು ಸ್ವಾಧೀನವಿಲ್ಲದ ನೌಕರರೊಬ್ಬರು ಸ್ನಾಯುಸೆಳೆತಕ್ಕಾಗಿ ಕೆಲಸದ ಹೊತ್ತಿನ ಹೊರಗೆ ಗಾಂಜಾ ಬಳಸುತ್ತಿದ್ದರು. ಟೆಸ್ಟ್ ಪಾಸಿಟಿವ್ ಬಂದು 2010ರಲ್ಲಿ ಕೆಲಸ ಹೋಯಿತು. ಬಿಡುವಿನ ಹೊತ್ತಿನ ‘ಕಾನೂನುಬದ್ಧ’ ಚಟುವಟಿಕೆಗೆ ಅಲ್ಲಿ ರಕ್ಷಣೆಯೇನೋ ಇತ್ತು. ಆದರೆ ಫೆಡರಲ್ ಕಾನೂನಿನಲ್ಲೂ ಅದು ಕಾನೂನುಬದ್ಧವಾಗಿರಬೇಕು ಎಂದು 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ತರ್ಕ ಸರಿ ಇರಬಹುದು. ಕೆಲಸದ ವೇಳೆ ಅಮಲಿನಲ್ಲಿದ್ದರು ಎಂದು ಯಾರೂ ಆರೋಪಿಸದ ಮನುಷ್ಯನಿಗೆ ಇದು ಅನ್ಯಾಯ ಎಂದೇ ನನಗೆ ಅನ್ನಿಸುತ್ತದೆ.

ಆಮೇಲೆ ರಾಜ್ಯಗಳು ಕಾನೂನನ್ನೇ ಬದಲಿಸತೊಡಗಿದವು. ನೆವಾಡಾದಲ್ಲಿ 2020ರಿಂದ, ಗಾಂಜಾಕ್ಕೆ ಪಾಸಿಟಿವ್ ಬಂತು ಎಂಬ ಒಂದೇ ಕಾರಣಕ್ಕೆ ಕೆಲಸ ನಿರಾಕರಿಸುವಂತಿಲ್ಲ. ಅಗ್ನಿಶಾಮಕ ಸಿಬ್ಬಂದಿಯಂಥವರಿಗೆ ವಿನಾಯಿತಿ ಇದೆ. ನ್ಯೂಯಾರ್ಕ್‌ನ 2021ರ ಕಾನೂನಿನಡಿ ಬಹುತೇಕ ಕಂಪನಿಗಳು ಗಾಂಜಾ ಟೆಸ್ಟ್ ಮಾಡುವಂತೆಯೇ ಇಲ್ಲ. ನೌಕರನ ಕೆಲಸ ಕೆಡುತ್ತಿದೆ ಎಂದು ಕಣ್ಣಿಗೆ ಕಾಣುವ ಲಕ್ಷಣ ಬೇಕು, ಸುಮ್ನೆ ವಾಸನೆ ಬಂತು ಎಂದರೆ ಸಾಲದು. ಓದಲೇಬೇಕಾದ್ದು ಕ್ಯಾಲಿಫೋರ್ನಿಯಾದ ಎಬಿ 2188 ಎಂಬ ಕಾನೂನು. ಅಮಲೇರಿಸದ ಆ ಉಳಿಕೆ ವಸ್ತು ಸಿಕ್ಕಿತೆಂದು ಶಿಕ್ಷಿಸುವುದನ್ನು ಅದು 2024ರ ಜನವರಿ 1ರಿಂದ ತಡೆಯಿತು. ಕಟ್ಟಡ ಕೆಲಸ ಮತ್ತು ಫೆಡರಲ್ ನಿಯಮಕ್ಕೆ ಒಳಪಟ್ಟ ಹುದ್ದೆಗಳು ಇದರ ಹೊರಗಿವೆ. ಲ್ಯಾಬ್‌ನ ಪಾಠ ಕಾನೂನಿನ ಪುಸ್ತಕಕ್ಕೆ ನೇರವಾಗಿ ಬಂದದ್ದು ಇಲ್ಲೇ.

ಹಾಗಾದರೆ ಬದಲಿ ಟೆಸ್ಟ್ ಯಾವುದು? ಜೊಲ್ಲಿನ ಪರೀಕ್ಷೆ ಟಿಎಚ್‌ಸಿಯನ್ನೇ ಹುಡುಕುತ್ತದೆ, ಹೆಚ್ಚಾಗಿ ಒಂದೆರಡು ದಿನದೊಳಗಿನ ಬಳಕೆಯನ್ನು ಹಿಡಿಯುತ್ತದೆ. ಫೆಡರಲ್ ಸಾರಿಗೆ ಇಲಾಖೆ 2023ರಲ್ಲಿ ಇದನ್ನು ತನ್ನ ನಿಯಮಕ್ಕೆ ಸೇರಿಸಿತು. ಮೂತ್ರ ಪರೀಕ್ಷೆಗಿಂತ ಇದು ನ್ಯಾಯಕ್ಕೆ ಹತ್ತಿರ. ಆದರೂ ನಿನ್ನೆ ರಾತ್ರಿ ಮನೆಯಲ್ಲಿ ಸೇದಿ ಇವತ್ತು ತಿಳಿಯಾಗಿ ಕೆಲಸಕ್ಕೆ ಬಂದವರನ್ನು, ಈಗಷ್ಟೇ ಸೇದಿ ಬಂದವರಿಂದ ಇದು ಖಚಿತವಾಗಿ ಬೇರ್ಪಡಿಸಲಾರದು.