ರಿಸೀಟ್‌ನಲ್ಲಿ ಪಿ ಯಾಕಿದೆ?

ಪ್ರಶ್ನೆ: ರಾಯಚೂರಿನಲ್ಲಿ ಹತ್ತಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ‘ರಿಸಿಪ್ಟ್’ ಅಂದಿದ್ದಕ್ಕೆ ಹೊರಗಿನಿಂದ ಬಂದ ಖರೀದಿದಾರರು ನಕ್ಕರು. ಸ್ಪೆಲಿಂಗ್‌ನಲ್ಲಿ ಪಿ ಇದೆ ಅಲ್ವಾ? ಇಂಥ ಪದಗಳನ್ನು ಸರಿಯಾಗಿ ಹೇಳೋದು ಕಲಿಯೋದು ಹೇಗೆ?

ಉತ್ತರ: ಪಿ ಇದೆ, ಆದರೆ ಬರೆಯೋಕೆ ಮಾತ್ರ. ‘ರಿಸೀಟ್’ ಅನ್ನಿ, ‘ಸೀಟ್’ ಮೇಲೆ ಒತ್ತು ಕೊಡಿ. ಫ್ರೆಂಚ್‌ನಿಂದ ಇಂಗ್ಲಿಷ್‌ಗೆ ಬಂದಾಗ ಈ ಪದದಲ್ಲಿ ಪಿ ಇರಲಿಲ್ಲ. ಲ್ಯಾಟಿನ್ ಮೂಲ ಕಾಣಲಿ ಅಂತ ಓದಿಕೊಂಡವರು ಆಮೇಲೆ ಸೇರಿಸಿದರು. ಡೆಟ್ (ಸಾಲ), ಡೌಟ್ ಪದಗಳಿಗೆ ಬಿ ಅಂಟಿದ್ದೂ ಹೀಗೇ. ಜನ ಮಾತ್ರ ಮೊದಲಿನಂತೆಯೇ ಮಾತಾಡಿದರು. ತಮಾಷೆ ಅಂದರೆ, ಅದೇ ಬಳಗದ, ಮೋಸ ಅನ್ನೋ ಅರ್ಥದ ‘ಡಿಸೀಟ್’ನಲ್ಲಿ ಇವತ್ತು ಪಿ ಇಲ್ಲ! ‘ನೈಫ್’ ಕಥೆ ಉಲ್ಟಾ. ಅದರ ಕೆ ಒಂದು ಕಾಲದಲ್ಲಿ ನಿಜಕ್ಕೂ ಬಾಯಲ್ಲಿತ್ತು. ಮಾತಿನಿಂದ ಬಿದ್ದುಹೋಯಿತು, ಬರಹದಲ್ಲಿ ಉಳಿಯಿತು.

ಬರಹ ಒಂದು ದಾರಿ, ಬಾಯಿ ಒಂದು ದಾರಿ ಅನ್ನೋದು ನಮಗೂ ಹೊಸದಲ್ಲ. ಇಂಗ್ಲಿಷ್‌ನಲ್ಲಿ ‘ಬೆಲ್ಲರಿ’ ಅಂತಿದ್ದದ್ದು 2014ರ ನವೆಂಬರ್ 1ರಂದು ಅಧಿಕೃತವಾಗಿ ‘ಬಳ್ಳಾರಿ’ ಆಯಿತು. ಊರಿನವರು ಅದಕ್ಕೂ ಮುಂಚೆ ಬಳ್ಳಾರಿ ಅಂತಲೇ ಅನ್ನುತ್ತಿದ್ದರು.

ಹಾಗಾಗಿ ಮೊದಲು ಕಿವಿ, ಆಮೇಲೆ ಕಣ್ಣು. ಡಿಕ್ಷನರಿ ಆ್ಯಪ್‌ನಲ್ಲಿ ಸ್ಪೀಕರ್ ಗುರುತು ಒತ್ತಿ, ಕೇಳಿ, ಜೋರಾಗಿ ಹೇಳಿ. ಕೇಳಿದ್ದನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳೋದು ಒಳ್ಳೆಯದೇ, ಆದರೆ ಅದನ್ನೇ ಪೂರ್ತಿ ನಂಬಬೇಡಿ. ಬಳ್ಳಾರಿಯ ಜೀನ್ಸ್ ಬಟ್ಟೆಯನ್ನೇ ನೋಡಿ. ‘ಜೀನ್ಸ್’ ಅಂತ ಬರೆದರೂ ಇಂಗ್ಲಿಷ್‌ನಲ್ಲಿ ಕೊನೆಗೆ ಬರೋದು ಸ್ ಅಲ್ಲ, ಝಡ್ ಸದ್ದು. ಅದೇ ಪ್ಯಾಂಟಿನ ‘ಜಿಪ್’ ಶುರುವಾಗೋದೂ ಆ ಸದ್ದಿನಿಂದಲೇ. ‘ಜೀನ್ಸ್’ನ ಮೊದಲ ಜ ಮಾತ್ರ ನಮ್ಮ ಜ. ಸ್ ಅನ್ನುತ್ತಾ ಗಂಟಲು ನಡುಗಿಸಿದರೆ ಝಡ್ ಬರುತ್ತದೆ. ಕತ್ತಿನ ಮೇಲೆ ಬೆರಳಿಟ್ಟು ನೋಡಿ, ಗೊತ್ತಾಗುತ್ತದೆ. ರಾಯಚೂರು, ಕೊಪ್ಪಳ ನಿಜಾಮರ ಆಡಳಿತದಲ್ಲಿದ್ದ ಊರುಗಳು, ಉರ್ದು ಇಲ್ಲಿ ಹೊರಗಿನದಲ್ಲ. ಉರ್ದು ಮಾತಾಡುವ ಗೆಳೆಯರು ‘ಬಾಜಾರ್’ ಅನ್ನುವಾಗ ಕಿವಿಗೊಡಿ, ಅದೇ ಸದ್ದು.

ಪದದ ಯಾವ ಭಾಗವನ್ನು ಒತ್ತಿ ಹೇಳಬೇಕು ಅನ್ನೋದನ್ನೂ ಕನ್ನಡ ಬರಹ ತೋರಿಸೋದಿಲ್ಲ. ‘ಫೋಟೋಗ್ರಾಫ್’ನಲ್ಲಿ ಒತ್ತು ‘ಫೋ’ ಮೇಲೆ. ‘ಫೋಟೋಗ್ರಾಫರ್’ ಆದ ಕೂಡಲೇ ಅದು ‘ಟೋ’ಗೆ ಜಿಗಿಯುತ್ತದೆ, ಅದು ‘ಟಾ’ ಥರ ಕೇಳಿಸುತ್ತದೆ. ಬರೆದಿಟ್ಟ ಪದದಲ್ಲಿ ಆ ಅಕ್ಷರದ ಕೆಳಗೆ ಗೆರೆ ಎಳೆಯಿರಿ. ಶೆಡ್ಯೂಲೋ ಸ್ಕೆಜೂಲೋ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೊದಲನೆಯದು ಬ್ರಿಟನ್ನಿನದು, ಎರಡನೆಯದು ಅಮೆರಿಕದ್ದು, ಎರಡೂ ಸರಿ.

ಇನ್ನು ‘ಪ್ಲಂಬರ್’ಗೆ ಇಂಗ್ಲಿಷ್‌ನಲ್ಲಿ ‘ಪ್ಲಮರ್’ ಅನ್ನಬೇಕು. ಇಂಟರ್‌ವ್ಯೂನಲ್ಲಿ ಹಾಗೇ ಅನ್ನಿ. ಮನೆಯ ನಲ್ಲಿ ಸೋರುತ್ತಿದ್ದರೆ ಮಾತ್ರ ಪ್ಲಂಬರ್ ಅಂತಲೇ ಕರೆಯಿರಿ, ಬೇಗ ಬರುತ್ತಾರೆ.